ಊರಿಗೆ ಕರೆತಂದರು ಸರಿ, ಪಟ್ಟಿ ಎಲ್ಲಿ ಹೋಯ್ತು?

ಪರದೇಶದಲ್ಲೋ ಪರರಾಜ್ಯದಲ್ಲೋ ಸಿಕ್ಕಿಹಾಕಿಕೊಂಡ ಮನುಷ್ಯನ ಮುಂದೆ ಸರ್ಕಾರ ಒಂದು ಫಾರಂ ಇಟ್ಟರೆ ಆತ ಅದನ್ನು ತುಂಬಿಯೇ ತುಂಬುತ್ತಾನೆ. ಪಾಸ್‌ಪೋರ್ಟ್ ನಂಬರ್ ಕೇಳಿದರೆ ಕೊಡುತ್ತಾನೆ. ಊರಿನ ವಿಳಾಸ, ಮೊಬೈಲ್ ನಂಬರ್ ಕೇಳಿದರೆ ಕೊಡುತ್ತಾನೆ. ಕೆಲಸ ಹೋಗಿದೆಯೇ, ಹೆಂಡತಿ ಬಸುರಿಯೇ, ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ ಎಂದರೂ ಹೇಳುತ್ತಾನೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ 'ನಾನು ಒಪ್ಪಿದ್ದೇನೆ' ಎಂಬ ಚೌಕಕ್ಕೆ ಟಿಕ್ ಹಾಕುತ್ತಾನೆ. ಇದನ್ನು ಒಪ್ಪಿಗೆ ಎಂದು ಕರೆಯಲು ನಮಗೆ ಮನಸ್ಸು ಬರುವುದಿಲ್ಲ. ಮುಳುಗುವವನು ಹಗ್ಗ ಹಿಡಿಯುವಾಗ ಹಗ್ಗದ ಮೇಲೆ ಬರೆದ ಷರತ್ತು ಓದುತ್ತಾನೆಯೇ?

ನಮ್ಮ ವಾದ ಇಷ್ಟೇ. ಕಷ್ಟದಲ್ಲಿರುವವನಿಂದ ಮಾಹಿತಿ ಪಡೆಯುವುದು ಸರ್ಕಾರಕ್ಕೆ ಬಹಳ ಸುಲಭ. ಅಷ್ಟು ಸುಲಭವಾಗಿ ಸಿಕ್ಕಿದ್ದನ್ನು ಕಾಪಾಡುವ ಹೊಣೆ ಅದಕ್ಕಿಂತ ದೊಡ್ಡದಾಗಿರಬೇಕು. ಆದರೆ ನಮ್ಮಲ್ಲಿ ನಡೆಯುವುದು ತಿರುಗುಮುರುಗು. ವಿಮಾನ ಇಳಿದ ದಿನ ಹೂಗುಚ್ಛ, ಫೋಟೊ, ಪತ್ರಿಕಾ ಪ್ರಕಟಣೆ ಎಲ್ಲ ಇರುತ್ತದೆ. ಅವರ ಹೆಸರು, ನಂಬರ್, ಕಾಯಿಲೆ ಬರೆದ ಪಟ್ಟಿ ಆಮೇಲೆ ಏನಾಯಿತು ಎಂದು ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಮೊದಲೇ ಒಂದು ಮಾತು ಸ್ಪಷ್ಟ ಮಾಡಿಬಿಡೋಣ. ಪಟ್ಟಿ ಮಾಡಬಾರದು ಎಂದು ನಾವು ಹೇಳುತ್ತಿಲ್ಲ. ಪಟ್ಟಿಯಿಲ್ಲದೆ ವಿಮಾನ ಹಾರುವುದಿಲ್ಲ. 2020ರ ವಂದೇ ಭಾರತ್ ಮಿಷನ್, 2022ರಲ್ಲಿ ಉಕ್ರೇನ್‌ನಿಂದ ಆಪರೇಷನ್ ಗಂಗಾ, 2023ರಲ್ಲಿ ಸುಡಾನ್‌ನಿಂದ ಆಪರೇಷನ್ ಕಾವೇರಿ, 2025ರಲ್ಲಿ ಇರಾನ್ ಮತ್ತು ಇಸ್ರೇಲ್‌ನಿಂದ ಆಪರೇಷನ್ ಸಿಂಧು, ಇವೆಲ್ಲ ಸರ್ಕಾರ ಮಾಡಬೇಕಾದ ಕೆಲಸಗಳೇ. ಅದಕ್ಕಾಗಿ ರಾತ್ರಿ ಹಗಲು ದುಡಿದ ರಾಯಭಾರ ಕಚೇರಿಯ ಗುಮಾಸ್ತರಿಂದ ಹಿಡಿದು ನಮ್ಮ ಹಳ್ಳಿಯ ಆಶಾ ಕಾರ್ಯಕರ್ತೆಯರವರೆಗೆ ಎಲ್ಲರಿಗೂ ನಮಸ್ಕಾರ. ನಮ್ಮ ಪ್ರಶ್ನೆ ಇರುವುದು ಕೆಲಸ ಮುಗಿದ ಮೇಲಿನ ಪಟ್ಟಿಯ ಬಗ್ಗೆ.

ಪಟ್ಟಿ ಎಷ್ಟು ಕೈ ದಾಟುತ್ತದೆ

2020ರ ಮೇ 5ರಂದು ಕೇಂದ್ರ ಗೃಹ ಸಚಿವಾಲಯ ವಿದೇಶದಲ್ಲಿ ಸಿಲುಕಿದ ಭಾರತೀಯರನ್ನು ಕರೆತರಲು ಕಾರ್ಯವಿಧಾನ ಹೊರಡಿಸಿತು. ಮೇ 7ರಂದು ಮೊದಲ ವಿಮಾನಗಳು ಅಬುಧಾಬಿ ಮತ್ತು ದುಬೈನಿಂದ ಕೇರಳಕ್ಕೆ ಬಂದವು. ಮೇ 11ರಂದು ಲಂಡನ್ ವಿಮಾನ ಬೆಂಗಳೂರಿಗೆ, ಮರುದಿನ ದುಬೈ ವಿಮಾನ ಮಂಗಳೂರಿಗೆ ಬಂತು. ನಮ್ಮ ಕರಾವಳಿಯ, ಉತ್ತರ ಕರ್ನಾಟಕದ ಎಷ್ಟೋ ಮನೆಗಳು ಅವತ್ತು ಉಸಿರು ಬಿಟ್ಟವು.

ಆ ಕಾರ್ಯವಿಧಾನವನ್ನು ಈಗ ತೆಗೆದು ಓದಿ. ಬರಬೇಕೆನ್ನುವವರು ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಸಂಕಷ್ಟದಲ್ಲಿರುವವರಿಗೆ ಮೊದಲ ಆದ್ಯತೆ. ಯಾರು ಸಂಕಷ್ಟದಲ್ಲಿರುವವರು? ಕೆಲಸ ಕಳೆದುಕೊಂಡ ಕಾರ್ಮಿಕರು, ವೀಸಾ ಮುಗಿಯುತ್ತಿರುವವರು, ತುರ್ತು ಚಿಕಿತ್ಸೆ ಬೇಕಾದವರು, ಗರ್ಭಿಣಿಯರು, ವೃದ್ಧರು, ಮನೆಯಲ್ಲಿ ಸಾವಾದವರು, ವಿದ್ಯಾರ್ಥಿಗಳು. ನ್ಯಾಯವಾದ ಆದ್ಯತೆಯೇ, ತಕರಾರಿಲ್ಲ. ಆದರೆ ಇದರ ಇನ್ನೊಂದು ಅರ್ಥವನ್ನೂ ನೋಡಿ. ಸೀಟು ಬೇಕಾದರೆ ನಿನ್ನ ಕಷ್ಟವನ್ನು ಬಿಚ್ಚಿ ಹೇಳಲೇಬೇಕು. ಹೆಚ್ಚು ಹೇಳಿಕೊಂಡವನಿಗೆ ಮೊದಲ ಸೀಟು.

ಮುಂದೆ, ವಿದೇಶಾಂಗ ಸಚಿವಾಲಯ ಪ್ರತಿ ವಿಮಾನಕ್ಕೆ, ಪ್ರತಿ ಹಡಗಿಗೆ ಒಂದು ಡೇಟಾಬೇಸ್ ಮಾಡಬೇಕು. ಅದರಲ್ಲಿ ಹೆಸರು, ವಯಸ್ಸು, ಲಿಂಗ, ಮೊಬೈಲ್ ನಂಬರ್, ವಾಸದ ಸ್ಥಳ, ಹೋಗಿ ಸೇರುವ ಊರು, ಆರ್‌ಟಿ-ಪಿಸಿಆರ್ ಪರೀಕ್ಷೆ ಮತ್ತು ಅದರ ಫಲಿತಾಂಶ ಇರಬೇಕು. ಅದನ್ನು ಆಯಾ ರಾಜ್ಯಗಳಿಗೆ ಮುಂಚಿತವಾಗಿ ಕಳಿಸಬೇಕು. ಬಂದಿಳಿದವರೆಲ್ಲ ಆರೋಗ್ಯ ಸೇತು ಆ್ಯಪ್ ಹಾಕಿಕೊಳ್ಳಬೇಕು. ಏನನ್ನು ಸಂಗ್ರಹಿಸಬೇಕು, ಯಾರಿಗೆ ಕಳಿಸಬೇಕು ಎಂಬುದನ್ನು ಹೀಗೆ ಒಂದೊಂದಾಗಿ ಬರೆದವರು ಆ ಡೇಟಾಬೇಸನ್ನು ಯಾವಾಗ ಅಳಿಸಬೇಕು ಎಂಬ ಒಂದು ಸಾಲನ್ನೂ ಸೇರಿಸಬಹುದಿತ್ತು.

ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುವ ನಮಗೆ ಮುಂದಿನ ದಾರಿ ಗೊತ್ತು. ರಾಜ್ಯದಿಂದ ಪಟ್ಟಿ ಜಿಲ್ಲಾಧಿಕಾರಿ ಕಚೇರಿಗೆ ಬರುತ್ತದೆ. ಅಲ್ಲಿಂದ ಎಸ್‌ಪಿ ಕಚೇರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ, ತಹಶೀಲ್ದಾರರಿಗೆ. ತಹಶೀಲ್ದಾರರಿಂದ ಕಂದಾಯ ನಿರೀಕ್ಷಕರಿಗೆ, ಗ್ರಾಮ ಲೆಕ್ಕಿಗರಿಗೆ, ಪಿಡಿಒಗೆ. ಅಲ್ಲಿಂದ ಆಶಾ, ಅಂಗನವಾಡಿ ಕಾರ್ಯಕರ್ತೆಗೆ, ಬೀಟ್ ಪೊಲೀಸರಿಗೆ, ಕ್ವಾರಂಟೈನ್ ಹೋಟೆಲಿನ ಮ್ಯಾನೇಜರಿಗೆ. ಪಟ್ಟಿ ಹೋಗುವುದು ಬೀಗ ಹಾಕಿದ ಪೆಟ್ಟಿಗೆಯಲ್ಲಲ್ಲ, ವಾಟ್ಸ್‌ಆ್ಯಪ್‌ನಲ್ಲಿ, ಎಕ್ಸೆಲ್ ಅಥವಾ ಪಿಡಿಎಫ್ ಫೈಲಾಗಿ. ಒಬ್ಬರಿಗೆ ಬೇಕಿದ್ದು ತಮ್ಮ ಊರಿನ ನಾಲ್ಕು ಹೆಸರು, ಕೈಗೆ ಬರುವುದು ಇಡೀ ತಾಲ್ಲೂಕಿನ ಪಟ್ಟಿ. ಪ್ರತಿ ಹಂತದಲ್ಲೂ ಒಂದು ಪ್ರತಿ ಉಳಿಯುತ್ತದೆ. ಅಧಿಕಾರಿಗೆ ವರ್ಗಾವಣೆಯಾದರೂ ಫೋನ್ ಅವರ ಸ್ವಂತದ್ದು, ಫೈಲ್ ಅದರಲ್ಲೇ ಇರುತ್ತದೆ.

ಇಲ್ಲಿ ಪಿಡಿಒ ಕೆಟ್ಟವರು, ಆಶಾ ಕಾರ್ಯಕರ್ತೆ ಬೇಜವಾಬ್ದಾರಿ ಎಂದು ನಾವು ಹೇಳುತ್ತಿಲ್ಲ. ಅವರಿಗೆ ಬೇರೆ ದಾರಿಯನ್ನು ಯಾರೂ ಕೊಡಲಿಲ್ಲ. ಸರ್ಕಾರಿ ಫೋನ್ ಇಲ್ಲ, ಸರ್ಕಾರಿ ಆ್ಯಪ್ ಓಡಿದರೆ ಓಡಿತು. ಸಂಜೆ ಐದರೊಳಗೆ ವರದಿ ಬೇಕು ಎಂಬ ಆದೇಶ ಮಾತ್ರ ಇರುತ್ತದೆ. ವ್ಯವಸ್ಥೆ ಮಾಡದೆ ಕೆಲಸ ಹೇಳಿದರೆ ವಾಟ್ಸ್‌ಆ್ಯಪ್ಪೇ ವ್ಯವಸ್ಥೆಯಾಗುತ್ತದೆ.

ಬಾಗಿಲ ಮೇಲೆ ಬರೆದರೆ ಏನಾಗುತ್ತದೆ

ವಂದೇ ಭಾರತ್‌ಗಿಂತ ಮೊದಲೇ, 2020ರ ಮಾರ್ಚ್‌ನಲ್ಲಿ ಕರ್ನಾಟಕ ಇದರ ರುಚಿ ನೋಡಿತ್ತು. ವಿದೇಶದಿಂದ ಬಂದವರ ಕೈಗೆ ಅಳಿಸಲಾಗದ ಶಾಯಿಯಿಂದ ಮುದ್ರೆ ಹಾಕಲಾಯಿತು. ಮನೆಯಲ್ಲೇ ಕ್ವಾರಂಟೈನ್ ಆದ ಸಾವಿರಾರು ಜನರ ಮನೆ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರವೇ ವೆಬ್‌ಸೈಟಿನಲ್ಲಿ ಹಾಕಿತು. ತಿಂಗಳ ಕೊನೆಗೆ 'ಕ್ವಾರಂಟೈನ್ ವಾಚ್' ಎಂಬ ಆ್ಯಪ್ ಬಂತು. ರಾತ್ರಿ 10ರಿಂದ ಬೆಳಿಗ್ಗೆ 7ರ ತನಕ ಬಿಟ್ಟು ಉಳಿದಂತೆ ಗಂಟೆಗೊಮ್ಮೆ ಸೆಲ್ಫಿ ಕಳಿಸಬೇಕು, ಸೆಲ್ಫಿಯ ಜೊತೆ ಜಾಗದ ಗುರುತೂ ಹೋಗುತ್ತದೆ. ಮನೆ ಬಾಗಿಲಿಗೆ ನೋಟಿಸ್ ಅಂಟಿಸುವುದು ಬೇರೆ.

ಜನ ಹೊರಗೆ ಓಡಾಡಿದರೆ ಸೋಂಕು ಹರಡುತ್ತದೆ, ಅಕ್ಕಪಕ್ಕದವರಿಗೆ ಗೊತ್ತಿದ್ದರೆ ಅವರೇ ಕಾಯುತ್ತಾರೆ ಎಂಬುದು ಇದಕ್ಕೆ ಕೊಟ್ಟ ಸಮರ್ಥನೆ. ಆವತ್ತಿನ ಭಯದಲ್ಲಿ ಇದು ಸರಿ ಎನಿಸಿರಬಹುದು. ಆದರೆ ಆ ವಿಳಾಸ ಯಾರಿಗೆ ಬೇಕಿತ್ತು ಎಂದು ಲೆಕ್ಕ ಹಾಕೋಣ. ಆರೋಗ್ಯ ವಿಚಾರಿಸಲು ಆಶಾ ಕಾರ್ಯಕರ್ತೆಗೆ ಬೇಕಿತ್ತು. ಗಂಟಲ ದ್ರವ ತೆಗೆಯುವ ತಂಡಕ್ಕೆ, ರೇಷನ್ ತಲುಪಿಸುವವರಿಗೆ ಬೇಕಿತ್ತು. ಹೊರಗೆ ಬಾರದಂತೆ ನೋಡಲು ಪೊಲೀಸರಿಗೆ ಬೇಕಿತ್ತು. ಬಾಡಿಗೆ ಮನೆ ಮಾಲೀಕನಿಗೆ, ಕಿರಾಣಿ ಅಂಗಡಿಯವನಿಗೆ, ಹಾಲು ಹಾಕುವವನಿಗೆ, ಯಾವುದೋ ಊರಲ್ಲಿ ಕೂತು ಫಾರ್ವರ್ಡ್ ಒತ್ತುವವನಿಗೆ ಬೇಕಿರಲಿಲ್ಲ.

ಹಳ್ಳಿಯಲ್ಲಿ ಇದರ ಪೆಟ್ಟು ಪಟ್ಟಣಕ್ಕಿಂತ ಜೋರು. ನಿಮಗೆ ನೆನಪಿರಬಹುದು, ಆಗ ಪ್ರತಿದಿನ ರಾಜ್ಯದ ಆರೋಗ್ಯ ಬುಲೆಟಿನ್ ಬರುತ್ತಿತ್ತು. ಅದರಲ್ಲಿ ಹೆಸರು ಇರುತ್ತಿರಲಿಲ್ಲ. ಪಿ ಎಂಬ ಅಕ್ಷರ, ಒಂದು ಸಂಖ್ಯೆ, ವಯಸ್ಸು, ಗಂಡೋ ಹೆಣ್ಣೋ, ಜಿಲ್ಲೆ ಅಥವಾ ಊರು, ಎಲ್ಲಿಂದ ಬಂದವರು ಎಂಬ ವಿವರ ಇರುತ್ತಿತ್ತು. ಬೆಂಗಳೂರಿನಲ್ಲಿ ಕೂತವರಿಗೆ ಹೆಸರಿಲ್ಲ ಎಂದರೆ ಗುರುತೂ ಇಲ್ಲ. ಇನ್ನೂರು ಮನೆಯ ಊರಲ್ಲಿ 'ಮುಂಬೈನಿಂದ ಮರಳಿದ ಹೆಂಗಸು, ವಯಸ್ಸು ಇಷ್ಟು' ಎಂದರೆ ಅದು ಮನೆ ನಂಬರ್ ಸಮೇತ ವಿಳಾಸ ಹೇಳಿದಂತೆ. ಸಂಜೆಯೊಳಗೆ ಕಟ್ಟೆ ಮೇಲೆ ಹೆಸರು ಬಂದಿರುತ್ತಿತ್ತು.

ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಮಂಡ್ಯ, ಕಲಬುರಗಿ, ಯಾದಗಿರಿ, ಉಡುಪಿ ಜಿಲ್ಲೆಗಳಿಗೆ ದುಡಿಯುವ ಜನ ವಾಪಸ್ ಬಂದರು. ಅವರು ಸೇವಾ ಸಿಂಧು ಪೋರ್ಟಲ್‌ನಲ್ಲಿ ನೋಂದಾಯಿಸಿ, ಪಾಸ್ ಪಡೆದು, ಗಡಿಯಲ್ಲಿ ಕಾದು ಬಂದವರು. ಶಾಲೆಯಲ್ಲಿ, ಹಾಸ್ಟೆಲಿನಲ್ಲಿ ದಿನ ಕಳೆದವರು. ಕಾನೂನು ಪಾಲಿಸಿದ್ದಕ್ಕೇ ಅವರ ಹೆಸರು ಪಟ್ಟಿಯಲ್ಲಿತ್ತು. ಯಾರಿಗೂ ಹೇಳದೆ ಕಳ್ಳದಾರಿಯಲ್ಲಿ ಬಂದವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ, ಅವರನ್ನು ಯಾರೂ 'ಮುಂಬೈಯವರು' ಎಂದು ದೂರ ಇಡಲೂ ಇಲ್ಲ. ನಿಯಮ ಪಾಲಿಸಿದವನಿಗೆ ಶಿಕ್ಷೆ, ತಪ್ಪಿಸಿಕೊಂಡವನಿಗೆ ನೆಮ್ಮದಿ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎನ್ನುವ ಗಾದೆ ಸಾಲದ ಬಗ್ಗೆ ಮಾತ್ರ ಅಲ್ಲ ಎಂದು ಆಗ ಅನಿಸಿತು.

ಇದರಿಂದ ಸರ್ಕಾರಕ್ಕೂ ನಷ್ಟವೇ. ಇಂದು ಪಟ್ಟಿ ಸೋರಿದರೆ ನಾಳೆ ಜನ ಸುಳ್ಳು ನಂಬರ್ ಕೊಡುತ್ತಾರೆ, ಜ್ವರ ಬಂದರೂ ಮುಚ್ಚಿಡುತ್ತಾರೆ. ಗುಟ್ಟು ಉಳಿಯುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ರೋಗಿ ಡಾಕ್ಟರಿಗೆ ನಿಜ ಹೇಳುತ್ತಾನೆ. ಸರ್ಕಾರಕ್ಕೂ ಅದೇ ಲೆಕ್ಕ.

ಬಾಗಿಲಿಗೆ ನೋಟಿಸ್ ಅಂಟಿಸುವ ವಿಚಾರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ವಿಪತ್ತು ನಿರ್ವಹಣಾ ಕಾಯ್ದೆಯಡಿ ಸಕ್ಷಮ ಪ್ರಾಧಿಕಾರ ನಿರ್ದಿಷ್ಟವಾಗಿ ನಿರ್ದೇಶನ ಕೊಡದ ಹೊರತು ಕೋವಿಡ್ ರೋಗಿಗಳ ಮನೆ ಮುಂದೆ ಪೋಸ್ಟರ್ ಅಂಟಿಸುವಂತಿಲ್ಲ ಎಂದು 2020ರ ಡಿಸೆಂಬರ್ 9ರಂದು ಆದೇಶವಾಯಿತು. ಅಷ್ಟರಲ್ಲಿ ಮೊದಲ ಅಲೆ ಇಳಿದಿತ್ತು. ಬಾಗಿಲ ಮೇಲಿನ ಅಂಟು ಕೆರೆದರೆ ಹೋಗುತ್ತದೆ, ಫೋನಿನಿಂದ ಫೋನಿಗೆ ಹೋದ ಪಟ್ಟಿ ಹೋಗುವುದಿಲ್ಲ.

ಮನಸ್ಸು ಮಾಡಿದರೆ ಸರ್ಕಾರಕ್ಕೆ ಗುಟ್ಟು ಇಡಲು ಬರುತ್ತದೆ

'ಇಷ್ಟು ದೊಡ್ಡ ದೇಶ, ಇಷ್ಟು ಜನ, ತುರ್ತು ಬೇರೆ, ಗೌಪ್ಯತೆ ಎಲ್ಲಿ ನೋಡಲಿ' ಎಂಬ ಉತ್ತರ ನಮಗೆ ಕೇಳಿ ಕೇಳಿ ಸಾಕಾಗಿದೆ. ಆ ಉತ್ತರಕ್ಕೆ ನಮ್ಮ ರಾಜ್ಯದವರದೇ ಒಂದು ಎದುರು ಉದಾಹರಣೆ ಇದೆ.

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಸೇನೆ ಮತ್ತು ಅರೆಸೇನಾ ಪಡೆ ನಡುವೆ ಕಾಳಗ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಕ್ಕಿಕೊಂಡಿದ್ದರು. ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ದೇಶ ದೇಶ ತಿರುಗುವ ಜನ ಅವರು. ಸಿದ್ದರಾಮಯ್ಯ ಅವರು 31 ಮಂದಿ ಸಿಲುಕಿದ್ದಾರೆ, ಕೂಡಲೇ ಕರೆತನ್ನಿ ಎಂದು ಟ್ವೀಟ್ ಮಾಡಿದರು. ವಿದೇಶಾಂಗ ಸಚಿವ ಎಸ್. ಜೈಶಂಕರ್ ಸಿಟ್ಟಿನಿಂದಲೇ ಉತ್ತರಿಸಿದರು. ಆಗ ರಾಜ್ಯದಲ್ಲಿ ಚುನಾವಣೆ ಕಾವು, ಆ ಜಗಳ ನಮಗೆ ಬೇಡ. ಆ ಉತ್ತರದಲ್ಲಿದ್ದ ಒಂದು ಮಾತು ಮಾತ್ರ ನಮಗೆ ಮುಖ್ಯ. ಭದ್ರತೆಯ ಕಾರಣಕ್ಕೆ ಅಲ್ಲಿರುವವರ ವಿವರ, ಇರುವ ಜಾಗವನ್ನು ಬಹಿರಂಗ ಮಾಡಲಾಗದು ಎಂದು ಸಚಿವರು ಹೇಳಿದ್ದರು.

ಸರಿಯಾದ ಮಾತು. ಗುಂಡು ಹಾರುವ ಊರಲ್ಲಿ ಯಾರು ಯಾವ ಮನೆಯಲ್ಲಿ ಅಡಗಿದ್ದಾರೆಂದು ಜಗತ್ತಿಗೆ ಸಾರಿದರೆ ಪ್ರಾಣಕ್ಕೆ ಅಪಾಯ. ಅದೇ ತಿಂಗಳ 24ರಂದು ಆಪರೇಷನ್ ಕಾವೇರಿ ಶುರುವಾಯಿತು. ಪೋರ್ಟ್ ಸುಡಾನ್‌ನಿಂದ ಹಡಗು, ವಿಮಾನದಲ್ಲಿ ಜಿದ್ದಾಕ್ಕೆ, ಅಲ್ಲಿಂದ ಭಾರತಕ್ಕೆ ಒಟ್ಟು 3,862 ಮಂದಿಯನ್ನು ಕರೆತಂದರು. ತುರ್ತು ಇತ್ತು, ಯುದ್ಧ ಇತ್ತು. ಆದರೂ ವಿವರವನ್ನು ಗುಟ್ಟಾಗಿಡುವ ಅಗತ್ಯ ಸರ್ಕಾರಕ್ಕೆ ಅರ್ಥವಾಗಿತ್ತು.

ಹಾಗಾದರೆ ಸಾಮರ್ಥ್ಯ ಇಲ್ಲ ಎಂಬ ಮಾತು ನಿಲ್ಲುವುದಿಲ್ಲ. ಖಾರ್ಟೂಮ್‌ನಲ್ಲಿ ಇರುವಾಗ ಕಾಪಾಡಬೇಕಾದ ವಿಳಾಸ, ತನ್ನ ಹಾಡಿಗೋ ಕೇರಿಗೋ ಬಂದ ಮೇಲೆ ಕಾಪಾಡಬೇಕಾಗಿಲ್ಲವೇ? ಅಲ್ಲಿ ಅಪಾಯ ಗುಂಡಿನದು. ಇಲ್ಲಿ ಅಪಾಯ ಸಾಲಗಾರನದು, ಮೋಸದ ಫೋನ್ ಕರೆಯದು, ವಿದೇಶಕ್ಕೆ ಕಳಿಸುವ ದಲ್ಲಾಳಿಯದು. ಕೆಲಸ ಕಳೆದುಕೊಂಡು ಬಂದವನ ಹೆಸರು, ನಂಬರ್, ಯಾವ ದೇಶದಿಂದ ಬಂದ ಎಂಬ ವಿವರ ಒಟ್ಟಿಗೆ ಸಿಕ್ಕರೆ ಮೋಸಗಾರನಿಗೆ ಇನ್ನೇನು ಬೇಕು? 'ನಿಮ್ಮ ಬಾಕಿ ಸಂಬಳ ಕೊಡಿಸುತ್ತೇವೆ, ಪ್ರೊಸೆಸಿಂಗ್ ಫೀ ಕಟ್ಟಿ' ಎಂದು ಒಂದು ಕರೆ ಮಾಡಿದರೆ ಸಾಕು.

ಉಕ್ರೇನ್ ವಿಷಯವನ್ನೂ ನೋಡಿ. 2022ರ ಫೆಬ್ರುವರಿ, ಮಾರ್ಚ್‌ನಲ್ಲಿ 22 ಸಾವಿರಕ್ಕೂ ಹೆಚ್ಚು ಭಾರತೀಯರು ಅಲ್ಲಿಂದ ಮರಳಿದರು, ಬಹುಪಾಲು ಮೆಡಿಕಲ್ ಓದುವ ಮಕ್ಕಳು. ಕೊನೆಯ ದಿನಗಳಲ್ಲಿ ಅಲ್ಲೇ ಉಳಿದವರಿಗೆ ರಾಯಭಾರ ಕಚೇರಿ ಗೂಗಲ್ ಫಾರಂ ಕೊಟ್ಟು ಹೆಸರು, ಫೋನ್, ಈಗಿರುವ ಜಾಗ, ಪಾಸ್‌ಪೋರ್ಟ್ ವಿವರ ತುಂಬಲು ಹೇಳಿತು. ಬಾಂಬ್ ಬೀಳುವಾಗ ಕೈಗೆ ಸಿಕ್ಕ ಸಾಧನ ಬಳಸಿದ್ದು ತಪ್ಪಲ್ಲ. ಆದರೆ ಯುದ್ಧವೋ ಸೋಂಕೋ ಬಂದಾಗಲೆಲ್ಲ ಜನರನ್ನು ಕರೆತರುವ ದೇಶ ನಮ್ಮದು. ಪ್ರತಿ ಸಲವೂ ಹೊಸದಾಗಿ ಫಾರಂ ಮಾಡುವ ಪರಿಸ್ಥಿತಿ ಯಾಕಿರಬೇಕು? ಮುಂದೆ ಇಂಥದ್ದು ಬರುತ್ತದೆಂದು ಗೊತ್ತಿದ್ದೂ ಸಿದ್ಧವಾಗದಿದ್ದರೆ ಅದನ್ನು ತುರ್ತು ಎನ್ನಲಾಗುವುದಿಲ್ಲ, ಉದಾಸೀನ ಎನ್ನಬೇಕು.

ಒಂದು ಫೈಲ್ ಏನು ಮಾಡಬಲ್ಲದು ಎಂಬುದಕ್ಕೆ ಬ್ರಿಟನ್ ಕಡೆ ನೋಡಬೇಕು. ಅಲ್ಲಿನದು ಸ್ವಂತ ನಾಗರಿಕರ ವಿಷಯವಲ್ಲ, ಅಫ್ಘಾನಿಸ್ತಾನದಲ್ಲಿ ಬ್ರಿಟಿಷ್ ಸೇನೆಯ ಜೊತೆ ಕೆಲಸ ಮಾಡಿ ತಾಲಿಬಾನ್ ಭಯದಲ್ಲಿ ಆಶ್ರಯ ಕೋರಿದವರ ವಿಷಯ. ಆದರೆ ಪಾಠ ಒಂದೇ. 2022ರ ಫೆಬ್ರುವರಿಯಲ್ಲಿ ಅಲ್ಲಿನ ರಕ್ಷಣಾ ಇಲಾಖೆಯ ಒಬ್ಬ ಸಿಬ್ಬಂದಿ ಒಂದಿಷ್ಟೇ ಹೆಸರಿದೆ ಎಂದುಕೊಂಡು ಒಂದು ಸ್ಪ್ರೆಡ್‌ಶೀಟನ್ನು ಇಮೇಲ್ ಮಾಡಿದ. ಅದರೊಳಗೆ ಸುಮಾರು 19 ಸಾವಿರ ಅರ್ಜಿದಾರರ ವಿವರ ಇತ್ತು. ಸೋರಿದ್ದು ಇಲಾಖೆಗೆ ಗೊತ್ತಾಗಿದ್ದು 2023ರ ಆಗಸ್ಟ್‌ನಲ್ಲಿ, ಅದರ ತುಣುಕು ಫೇಸ್‌ಬುಕ್‌ನಲ್ಲಿ ಕಂಡ ಮೇಲೆ. ಸುದ್ದಿ ಹೊರಬಾರದಂತೆ ನ್ಯಾಯಾಲಯದ ತಡೆಯಾಜ್ಞೆ ಇತ್ತು, 2025ರ ಜುಲೈನಲ್ಲಿ ಅದು ತೆರವಾದ ಮೇಲೆಯೇ ಜಗತ್ತಿಗೆ ಗೊತ್ತಾಯಿತು. ಪ್ರಾಣ ಉಳಿಸಲು ಮಾಡಿದ ಪಟ್ಟಿಯೇ ಪ್ರಾಣಕ್ಕೆ ಕುತ್ತು ತಂದಿತು. ನಮ್ಮ ತಾಲ್ಲೂಕು ಕಚೇರಿಯ ಎಕ್ಸೆಲ್ ಶೀಟೂ ಅದೇ ಜಾತಿಯದು.

ಕಾನೂನು ಏನು ಹೇಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ನಮ್ಮ ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬುದು ಕನ್ನಡಿಗರಿಗೆ ಹೆಮ್ಮೆ. ಕಾನೂನಿನ ಆಧಾರ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬುದು ಸರ್ಕಾರಕ್ಕೆ ಆ ತೀರ್ಪು ಇಟ್ಟ ಅಳತೆಗೋಲು.

ಆರೋಗ್ಯ ಸೇತು ವಿಷಯ ನಮ್ಮ ಹೈಕೋರ್ಟಿಗೇ ಬಂತು. ಆ್ಯಪ್ ಹಾಕಿಕೊಂಡಿಲ್ಲ ಎಂಬ ಒಂದೇ ಕಾರಣಕ್ಕೆ ಸೇವೆ ನಿರಾಕರಿಸುವಂತಿಲ್ಲ ಎಂದು 2020ರ ಅಕ್ಟೋಬರ್‌ನಲ್ಲಿ ಹೇಳಿದ ನ್ಯಾಯಾಲಯ, 2021ರ ಜನವರಿಯಲ್ಲಿ ಬಳಕೆದಾರರ ತಿಳಿವಳಿಕೆಯುಳ್ಳ ಒಪ್ಪಿಗೆ ಇಲ್ಲದೆ ಅವರ ಮಾಹಿತಿಯನ್ನು ಬೇರೆಯವರ ಜೊತೆ ಹಂಚಿಕೊಳ್ಳದಂತೆ ಮಧ್ಯಂತರ ಆದೇಶ ಕೊಟ್ಟಿತು. ಆ ಆ್ಯಪ್‌ಗೆ ಕೇಂದ್ರ ಸರ್ಕಾರ 2020ರ ಮೇ 11ರಂದು ಮಾಡಿದ ನಿಯಮದಲ್ಲಿ ಒಂದು ಒಳ್ಳೆಯ ಅಂಶವೂ ಇತ್ತು. ಸಂಗ್ರಹಿಸಿದ ಮಾಹಿತಿಯನ್ನು ಸಾಮಾನ್ಯವಾಗಿ 180 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಂದರೆ ಅಳಿಸುವ ದಿನಾಂಕ ಬರೆಯುವುದು ಆಗದ ಕೆಲಸವಲ್ಲ. ಒಂದು ಆ್ಯಪ್‌ಗೆ ಬರೆಯಲು ಬಂದದ್ದು, ವಿಮಾನದ ಪಟ್ಟಿಗೆ ಬರೆಯಲು ಯಾಕೆ ಬರಬಾರದು?

ಈಗ ನಮಗೆ ಒಂದು ಕಾಯ್ದೆಯೂ ಇದೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕಟ್ಟುಪಾಡುಗಳು ಅದಾದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಇದರ 7ನೇ ಸೆಕ್ಷನ್ ಪ್ರಕಾರ ಸಾಂಕ್ರಾಮಿಕ ರೋಗ, ವಿಪತ್ತು, ಸಾರ್ವಜನಿಕ ವ್ಯವಸ್ಥೆ ಕುಸಿದ ಸಂದರ್ಭದಲ್ಲಿ ನೆರವು ಕೊಡಲು ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು. ಇದು ಒಪ್ಪತಕ್ಕದ್ದೇ. ಪ್ರಜ್ಞೆ ತಪ್ಪಿ ಬಿದ್ದವನ ಸಹಿಗೆ ಕಾಯಲಾಗುವುದಿಲ್ಲ.

ತೊಡಕು ಇರುವುದು 17ನೇ ಸೆಕ್ಷನ್‌ನ ನಾಲ್ಕನೇ ಉಪವಿಧಿಯಲ್ಲಿ. ಉದ್ದೇಶ ಮುಗಿದ ಮೇಲೆ ಮಾಹಿತಿ ಅಳಿಸಬೇಕು ಎಂಬ ನಿಯಮ ಖಾಸಗಿ ಕಂಪನಿಗೆ ಅನ್ವಯಿಸುತ್ತದೆ. ನನ್ನ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕೂ ಕಂಪನಿಯ ಮುಂದೆ ಇದೆ. ಸರ್ಕಾರದ ಮುಂದೆ ಈ ಎರಡೂ ಇಲ್ಲ, ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಅಂದರೆ ಸೀರೆ ಅಂಗಡಿಯವನು ನಿಮ್ಮ ಮೊಬೈಲ್ ನಂಬರ್ ಅಳಿಸಬೇಕು. ನೀವು ಪರದೇಶದಲ್ಲಿ ಕೆಲಸ ಕಳೆದುಕೊಂಡು, ಜ್ವರ ಬಂದು, ಸಾಲ ಮಾಡಿ ವಾಪಸ್ ಬಂದ ಕಥೆಯನ್ನು ಮಾತ್ರ ಸರ್ಕಾರ ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳಬಹುದು. ಹೆಚ್ಚು ಅಧಿಕಾರ ಇರುವವರಿಗೆ ಕಡಿಮೆ ಹೊಣೆ ಎಂಬುದು ನಮಗೆ ಅರ್ಥವಾಗದ ನ್ಯಾಯ.

ಸಂಖ್ಯೆ ಊರಿಗೆ, ಹೆಸರು ಅವರಿಗೆ

ಪತ್ರಕರ್ತರಾಗಿ ನಾವು ಇಲ್ಲಿ ಎಚ್ಚರದಿಂದ ಮಾತಾಡಬೇಕು. ಗೌಪ್ಯತೆ ಎಂಬ ಪದ ಕೇಳಿದ ಕೂಡಲೇ ಅಧಿಕಾರಿಗಳು ಖುಷಿಪಡುತ್ತಾರೆ. ಅದೇ 2023ರ ಕಾಯ್ದೆಯ ಮೂಲಕ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂದ ಕೂಡಲೇ ನಿರಾಕರಿಸಲು ದಾರಿ ಅಗಲ ಮಾಡಿದ್ದಾರೆ. ನಾಳೆ ಎಷ್ಟು ಜನರನ್ನು ಕರೆತಂದಿರಿ, ಎಷ್ಟು ಖರ್ಚಾಯಿತು ಎಂದು ಕೇಳಿದರೂ 'ಅದು ವೈಯಕ್ತಿಕ' ಎನ್ನಬಹುದು. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎಂಬ 8(2)ನೇ ಕಲಮು ಇನ್ನೂ ಉಳಿದಿದೆ, ಅದನ್ನು ಅರ್ಜಿಯಲ್ಲಿ ಬರೆಯುವುದನ್ನು ಮರೆಯಬೇಡಿ.

ನಮ್ಮ ಗೆರೆ ಸರಳ. ಸಂಖ್ಯೆ ಸಾರ್ವಜನಿಕ, ಹೆಸರು ಖಾಸಗಿ. ಎಷ್ಟು ಮಂದಿ ನೋಂದಾಯಿಸಿದರು, ಎಷ್ಟು ಮಂದಿ ಬಂದರು, ಎಷ್ಟು ಮಂದಿ ದಾರಿಯಲ್ಲಿ ತೀರಿಕೊಂಡರು, ಟಿಕೆಟ್ ಹಣ ಯಾರು ಕೊಟ್ಟರು, ಇವೆಲ್ಲ ನಾಡಿಗೆ ಗೊತ್ತಾಗಬೇಕು. ಬಂದವಳು ಯಾರ ಮನೆ ಮಗಳು, ಅವಳ ಪರೀಕ್ಷೆಯ ಫಲಿತಾಂಶ ಏನು, ಅದು ಗೊತ್ತಾಗಬೇಕಾಗಿಲ್ಲ.

ನಡೆದದ್ದು ಇದಕ್ಕೆ ತದ್ವಿರುದ್ಧ. 2020ರ ಸೆಪ್ಟೆಂಬರ್‌ನಲ್ಲಿ ಲಾಕ್‌ಡೌನ್ ವೇಳೆ ಊರಿಗೆ ಮರಳುತ್ತಾ ಸತ್ತ ವಲಸೆ ಕಾರ್ಮಿಕರ ಲೆಕ್ಕವನ್ನು ಸಂಸತ್ತಿನಲ್ಲಿ ಕೇಳಿದಾಗ ಅಂಥ ಮಾಹಿತಿ ಇಟ್ಟಿಲ್ಲ ಎಂದು ಕಾರ್ಮಿಕ ಸಚಿವಾಲಯ ಉತ್ತರ ಕೊಟ್ಟಿತು. ಅದೇ ಉತ್ತರದಲ್ಲಿ ಊರಿಗೆ ಮರಳಿದವರು 1.04 ಕೋಟಿಗೂ ಹೆಚ್ಚು ಎಂಬ ಅಂಕಿ ಇತ್ತು. ಬದುಕಿದ್ದವರ ಮನೆ ವಿಳಾಸ ಬಹಿರಂಗ, ಸತ್ತವರ ಸಂಖ್ಯೆ ಮಾತ್ರ ಇಲ್ಲ! ಬೇಕಾದ್ದು ಬರೆಯಲಿಲ್ಲ, ಬೇಡವಾದ್ದನ್ನು ಹಂಚಿದರು.

ಈ ಗೆರೆ ನಮಗೂ ಅನ್ವಯ. ಸುದ್ದಿಗೆ ಇಷ್ಟು ಎಂದು ಕೂಲಿ ಪಡೆಯುವ ಸ್ಟ್ರಿಂಗರುಗಳಿಗೆ ಪೂರ್ತಿ ಪಟ್ಟಿ ಮೊದಲು ಹಾಕಿದರೆ ಡೆಸ್ಕಿನಿಂದ ಶಹಬ್ಬಾಸ್ ಸಿಗುತ್ತದೆ ಎಂಬುದು ನಿಜ. ಆದರೆ ಸರ್ಕಾರಿ ಪಟ್ಟಿಯನ್ನು ಹಾಗೇ ಅಚ್ಚು ಹಾಕುವುದರಲ್ಲಿ ವರದಿಗಾರಿಕೆ ಏನಿದೆ? 'ನಮ್ಮ ತಾಲ್ಲೂಕಿನ ಎಂಟು ಮಂದಿ ಬಂದಿದ್ದಾರೆ, ಮೂವರು ಇನ್ನೂ ಅಲ್ಲೇ ಇದ್ದಾರೆ, ಸಹಾಯವಾಣಿ ಇದು' ಎಂದು ಬರೆದರೆ ಸುದ್ದಿ ಪೂರ್ತಿ. ಬಂದವರು ತಾವಾಗಿ ಮಾತಾಡಲು ಒಪ್ಪಿದರೆ ಹೆಸರು ಹಾಕೋಣ. ಒಪ್ಪದಿದ್ದರೆ ಪಟ್ಟಿ ಕೈಯಲ್ಲಿದ್ದರೂ ಹಾಕಬೇಕಿಲ್ಲ.

ಏನು ಮಾಡಬಹುದು

ದುಡ್ಡು ಹೆಚ್ಚು ಬೇಡದ, ಸಮಯ ಹೆಚ್ಚು ಬೇಡದ ಐದು ಕೆಲಸಗಳಿವೆ.

ಒಂದು, ಫಾರಂನ ಮೇಲ್ಭಾಗದಲ್ಲೇ ಕನ್ನಡದಲ್ಲಿ ನಾಲ್ಕು ಸಾಲು ಇರಲಿ. ಈ ಮಾಹಿತಿ ಯಾಕೆ, ಯಾರಿಗೆ ಹೋಗುತ್ತದೆ, ಯಾವ ದಿನ ಅಳಿಸುತ್ತೇವೆ, ದೂರು ಯಾರಿಗೆ.

ಎರಡು, ಪಟ್ಟಿಯನ್ನು ಒಡೆದು ಕೊಡಲಿ. ವಿಮಾನ ನಿಲ್ದಾಣದವರಿಗೆ ಹೆಸರು ಮತ್ತು ಪಾಸ್‌ಪೋರ್ಟ್, ಆಶಾ ಕಾರ್ಯಕರ್ತೆಗೆ ಅವರ ಊರಿನ ಮನೆಗಳು ಮಾತ್ರ, ವೈದ್ಯರಿಗೆ ಆರೋಗ್ಯದ ವಿವರ. ಹೋಟೆಲಿನವರಿಗೆ ಕೋಣೆ ಎಷ್ಟು ಬೇಕು ಎಂಬ ಸಂಖ್ಯೆ ಸಾಕು.

ಮೂರು, ಜಿಲ್ಲಾಧಿಕಾರಿ ಕಚೇರಿಯಲ್ಲಿ ಪಟ್ಟಿ ಯಾರಿಗೆ, ಯಾವತ್ತು ಕೊಟ್ಟಿರಿ ಎಂಬ ಒಂದು ರಿಜಿಸ್ಟರ್ ಇರಲಿ. ಬಂದೂಕಿಗೆ ಲೆಕ್ಕ ಇಡುತ್ತೇವೆ, ಮತಪತ್ರಕ್ಕೆ ಲೆಕ್ಕ ಇಡುತ್ತೇವೆ, ಇದಕ್ಕೂ ಇಡಬಹುದು.

ನಾಲ್ಕು, ಅಳಿಸುವ ದಿನ ಮೊದಲೇ ಗೊತ್ತಾಗಲಿ, ಅಳಿಸಿದ ಮೇಲೆ ಪತ್ರಿಕಾ ಪ್ರಕಟಣೆ ಕೊಡಲಿ. ಕರೆತಂದದ್ದಕ್ಕೆ ಪ್ರಕಟಣೆ ಕೊಡುವವರಿಗೆ ಇದೊಂದು ಕಷ್ಟವಲ್ಲ. ಮುಂದಿನ ಯೋಜನೆಗೆ ಸಂಖ್ಯೆ ಬೇಕಾದರೆ ಹೆಸರು ತೆಗೆದು ಸಂಖ್ಯೆ ಇಟ್ಟುಕೊಳ್ಳಲಿ.

ಐದು, ತಳಮಟ್ಟದ ಸಿಬ್ಬಂದಿಗೆ ಸುರಕ್ಷಿತವಾದ, ಸರ್ಕಾರದ್ದೇ ಆದ ಒಂದು ದಾರಿ ಕೊಡಲಿ. ಸ್ವಂತ ಫೋನಿನಲ್ಲಿ ಸರ್ಕಾರದ ಕೆಲಸ ಮಾಡಿಸಿ, ಸೋರಿದಾಗ ಅವರನ್ನೇ ಅಮಾನತು ಮಾಡುವುದು ಬೇಡ.

ನಮ್ಮ ಕಡೆಯಿಂದಲೂ ಒಂದು ಕೆಲಸ ಇದೆ. ಈ ಬ್ಲಾಗ್ ಓದುವ ಗೆಳೆಯರು ಬೇರೆ ಬೇರೆ ಜಿಲ್ಲೆಗಳಲ್ಲಿದ್ದೀರಿ. ನಿಮ್ಮ ಜಿಲ್ಲಾಧಿಕಾರಿ ಕಚೇರಿಗೆ ಒಂದು ಆರ್‌ಟಿಐ ಅರ್ಜಿ ಹಾಕಿ. 2020ರಿಂದ ಈಚೆಗೆ ವಿದೇಶದಿಂದ, ಬೇರೆ ರಾಜ್ಯದಿಂದ ಕರೆತಂದವರ ಎಷ್ಟು ಪಟ್ಟಿಗಳು ನಿಮ್ಮ ಕಚೇರಿಗೆ ಬಂದವು? ಯಾವ ಯಾವ ಕಚೇರಿಗೆ ಹಂಚಿದಿರಿ? ಅವನ್ನು ಅಳಿಸಲು ಆದೇಶ ಆಗಿದೆಯೇ, ಆಗಿದ್ದರೆ ದಿನಾಂಕ ಯಾವುದು? ಒಂದು ಹೆಸರನ್ನೂ ಕೇಳಬೇಡಿ. ಹೆಸರು ಕೇಳದ ಅರ್ಜಿಗೆ ವೈಯಕ್ತಿಕ ಮಾಹಿತಿ ಎಂಬ ಉತ್ತರ ಕೊಡಲಾಗುವುದಿಲ್ಲ. ಉತ್ತರ ಬಂದರೆ ಇಲ್ಲೇ ಒಟ್ಟಿಗೆ ಹಾಕೋಣ. ಬಾರದಿದ್ದರೆ ಅದೂ ಸುದ್ದಿಯೇ.

ಮುಂದಿನ ಯುದ್ಧ ಎಲ್ಲಿ, ಮುಂದಿನ ಸೋಂಕು ಯಾವಾಗ ಎಂದು ನಮಗೆ ಗೊತ್ತಿಲ್ಲ. ಆಗಲೂ ನಮ್ಮ ಊರಿನ ಯಾರೋ ಎಲ್ಲೋ ಸಿಕ್ಕಿಕೊಂಡಿರುತ್ತಾರೆ, ಆಗಲೂ ಒಂದು ಫಾರಂ ಬರುತ್ತದೆ, ಅವರು ಅದನ್ನು ತುಂಬಲೇಬೇಕಾಗುತ್ತದೆ. ಅವರಿಗೆ ಆಯ್ಕೆ ಇರುವುದಿಲ್ಲ. ಅಳಿಸುವ ದಿನಾಂಕ ಬರೆಯುವ ಆಯ್ಕೆ ಸರ್ಕಾರಕ್ಕೆ ಇದೆ, ಅದನ್ನು ಕೇಳುವ ಆಯ್ಕೆ ನಮಗಿದೆ.